ಹಿಗ್ಗುವ ಪಟ್ಟಿಗೆ ಬಿಚ್ಚಿ ಮತ್ತೆ ಅಂಟಿಸಬಲ್ಲ ವಾಹಕ ಅಂಟು ಇದೆಯೇ?

ಪ್ರಶ್ನೆ: ನಾನು ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿನಿ. ಮೊಣಕಾಲು ಎಷ್ಟು ಬಾಗುತ್ತಿದೆ ಎಂದು ಅಳೆಯುವ ಸಿಲಿಕೋನ್ ಪಟ್ಟಿಯೊಂದನ್ನು ಮಾಡುತ್ತಿದ್ದೇನೆ. ಪಟ್ಟಿಯ ಮೇಲೆ ಹಿಗ್ಗಬಲ್ಲ ಬೆಳ್ಳಿ ಶಾಯಿಯ ಗೆರೆಗಳಿವೆ. ಅವುಗಳ ತುದಿಗೆ ಒಂದು ಸಣ್ಣ ಸರ್ಕ್ಯೂಟ್ ಬೋರ್ಡನ್ನು ಜೋಡಿಸಬೇಕು. ಪಟ್ಟಿಯನ್ನು ತೊಳೆಯುವಾಗ ಬೋರ್ಡನ್ನು ತೆಗೆಯಲು ಬರಬೇಕು. ಮೊದಲು ಬೆಳ್ಳಿ ತುಂಬಿದ ಎಪಾಕ್ಸಿಯಿಂದ ಅಂಟಿಸಿದೆ. ಕೆಲವೇ ದಿನಗಳಲ್ಲಿ ಅಂಚಿನಲ್ಲಿ ಬಿರುಕು ಬಿಟ್ಟು ಸಂಪರ್ಕ ಕಡಿದುಹೋಯಿತು. ಆಮೇಲೆ ಎರಡೂ ಬದಿ ಅಂಟುವ ವಾಹಕ ಟೇಪ್ ಬಳಸಿದೆ. ಮೊದಲ ದಿನ ಚೆನ್ನಾಗಿತ್ತು. ತೆಗೆದು ಮತ್ತೆ ಅಂಟಿಸಿದ ಮೇಲೆ ಅಳತೆಗಳು ಕುಣಿಯತೊಡಗಿದವು, ಮೂರನೆಯ ಸಲಕ್ಕೆ ಟೇಪೇ ಕಳಚಿ ಬಂತು. ಬೆಳ್ಳಿಯ ಪ್ರಮಾಣ ಹೆಚ್ಚಿರುವ ಅಂಟು ತಂದರೆ ಸರಿಹೋಗುತ್ತದೆ ಎಂದು ಒಬ್ಬರು, ದ್ರವ ಲೋಹ ಹಚ್ಚು ಎಂದು ಇನ್ನೊಬ್ಬರು ಹೇಳುತ್ತಾರೆ. ಹತ್ತು ಸೆಕೆಂಡು ಒತ್ತಿದರೆ ಅಂಟಿಕೊಳ್ಳುವ ಹೊಸ ಕನೆಕ್ಟರ್‌ಗಳ ಸುದ್ದಿಯನ್ನೂ ಓದಿದ್ದೇನೆ. ಮತ್ತೆ ಮತ್ತೆ ಬಳಸಬಹುದಾದ ವಾಹಕ ಅಂಟು ನಿಜಕ್ಕೂ ಇದೆಯೇ? ನಾನು ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳು ‘ಅಂಟು ಕೈಕೊಟ್ಟಿತು’ ಎಂಬ ಒಂದೇ ಮಾತಿನೊಳಗೆ ಸೇರಿಕೊಂಡಿವೆ. ಎಪಾಕ್ಸಿ ಬಿರುಕು ಬಿಟ್ಟದ್ದಕ್ಕೆ ಕಾರಣ ಗಡಸು ವಸ್ತು ಮತ್ತು ಮೆದು ವಸ್ತುಗಳ ನಡುವಿನ ಎಳೆದಾಟ. ಟೇಪ್ ಕಳಚಿ ಬಂದದ್ದಕ್ಕೆ ಕಾರಣ ಸಿಲಿಕೋನಿನ ಮೇಲ್ಮೈ. ಅಳತೆ ಕುಣಿದದ್ದಕ್ಕೆ ಕಾರಣ, ಸೆನ್ಸರಿನ ರೋಧದ (ವಿದ್ಯುತ್ ಹರಿವಿಗೆ ಒಡ್ಡುವ ತಡೆಯ) ಜೊತೆಗೆ ಕೊಂಡಿಯ, ಅಂದರೆ ಅಂಟಿಸಿದ ಜೋಡಣೆಯ, ರೋಧವೂ ಸೇರಿ ನಿಮ್ಮ ಮೀಟರಿಗೆ ತಲುಪುತ್ತಿರುವುದು. ಮೂರಕ್ಕೂ ಮದ್ದು ಬೇರೆ ಬೇರೆ. ಅಂಟು ಬದಲಿಸುತ್ತಾ ಹೋದರೆ ಒಂದು ತೊಂದರೆ ಹೋಗಿ ಇನ್ನೊಂದು ಬರುತ್ತದೆ. ನಿಮಗೆ ಆಗಿರುವುದೂ ಅದೇ.

ನೇರ ಉತ್ತರ ಬೇಕಿದ್ದರೆ: ಹೌದು, ಬಿಚ್ಚಿ ಮತ್ತೆ ಅಂಟಿಸಬಲ್ಲ ವಾಹಕ ಅಂಟುಗಳಿವೆ. ಆದರೆ ಚೆನ್ನಾಗಿ ಹಿಗ್ಗಬೇಕು, ಚೆನ್ನಾಗಿ ವಿದ್ಯುತ್ ಹರಿಸಬೇಕು, ಬಿಚ್ಚಿ ಅಂಟಿಸಿದರೂ ಮೊದಲಿನಂತೆಯೇ ಇರಬೇಕು ಎಂಬ ಮೂರೂ ಬೇಡಿಕೆಗಳನ್ನು ಒಂದೇ ಅಂಟಿನ ಮೇಲೆ, ಒಂದೇ ಜಾಗದಲ್ಲಿ ಹೇರಬೇಡಿ. ಹಿಗ್ಗುವ ಜಾಗ ಒಂದು, ಬಿಚ್ಚುವ ಜಾಗ ಇನ್ನೊಂದು ಎಂದು ಬೇರ್ಪಡಿಸಿಕೊಂಡರೆ ಇವತ್ತು ಸುಲಭವಾಗಿ ಸಿಗುವ ಸಾಮಗ್ರಿಯಿಂದಲೇ ನಿಮ್ಮ ಪಟ್ಟಿ ಕೆಲಸ ಮಾಡುತ್ತದೆ.

ಮೊದಲು ಎಪಾಕ್ಸಿಯ ವಿಷಯ. ಒಂದು ವಸ್ತು ಎಳೆತಕ್ಕೆ ಎಷ್ಟು ಮಣಿಯುತ್ತದೆ ಎಂಬುದನ್ನು ಯಂಗ್ ಗುಣಾಂಕ ಹೇಳುತ್ತದೆ; ಗುಣಾಂಕ ಹೆಚ್ಚಿದಷ್ಟೂ ವಸ್ತು ಗಡಸು. ಇಂಥ ಪಟ್ಟಿಗಳಿಗೆ ಬಳಸುವ ಪಿಡಿಎಂಎಸ್ ಸಿಲಿಕೋನಿನ ಗುಣಾಂಕ ಸುಮಾರು 1ರಿಂದ 3 ಮೆಗಾಪ್ಯಾಸ್ಕಲ್. ಇನ್ನೂ ಮೆದುವಾದ ಸಿಲಿಕೋನ್‌ಗಳದ್ದು 0.1ಕ್ಕಿಂತಲೂ ಕಡಿಮೆ. ಗಟ್ಟಿಯಾದ ಎಪಾಕ್ಸಿಯದ್ದು ಸಾವಿರಾರು ಮೆಗಾಪ್ಯಾಸ್ಕಲ್. ಗಾಜಿನ ನಾರಿನ ಸರ್ಕ್ಯೂಟ್ ಬೋರ್ಡಿನದ್ದು 20,000ದ ಆಸುಪಾಸು. ಅಂದರೆ ಪಟ್ಟಿ ಆರಾಮವಾಗಿ ಹಿಗ್ಗುವಷ್ಟು ಬಲಕ್ಕೆ ಎಪಾಕ್ಸಿಯಾಗಲಿ ಬೋರ್ಡಾಗಲಿ ಕದಲುವುದೇ ಇಲ್ಲ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಿ. ಪಟ್ಟಿಯ ಹಿಗ್ಗುವ ಭಾಗ 10 ಸೆಂಟಿಮೀಟರ್ ಎನ್ನಿ. ಅದರಲ್ಲಿ 4 ಸೆಂಟಿಮೀಟರ್ ಬೋರ್ಡಿನ ಅಡಿಗೆ ಹೋಯಿತು. ಮೊಣಕಾಲು ಬಾಗಿದಾಗ ಪಟ್ಟಿ ಒಟ್ಟು 2 ಸೆಂಟಿಮೀಟರ್ ಉದ್ದವಾಗಬೇಕು. ಇದನ್ನು ನೀವು 20 ಶೇಕಡಾ ಹಿಗ್ಗು ಎಂದುಕೊಳ್ಳುತ್ತೀರಿ. ಆದರೆ ಬೋರ್ಡಿನ ಅಡಿಯ 4 ಸೆಂಟಿಮೀಟರ್ ಹಿಗ್ಗುವುದಿಲ್ಲ, ಉಳಿದ 6 ಸೆಂಟಿಮೀಟರೇ ಆ 2 ಸೆಂಟಿಮೀಟರನ್ನು ಭರಿಸಬೇಕು. ಅದು 33 ಶೇಕಡಾ. ಅದೂ ಸಮನಾಗಿ ಹಂಚಿಕೆಯಾಗದೆ, ಬೋರ್ಡಿನ ಅಂಚಿಗೆ ತಾಗಿಕೊಂಡ ಒಂದೆರಡು ಮಿಲಿಮೀಟರಿನಲ್ಲಿ ಅತಿ ಹೆಚ್ಚು ಎಳೆತ ಬೀಳುತ್ತದೆ. ನಿಮ್ಮ ಬಿರುಕು ಹುಟ್ಟಿದ್ದು ಅಲ್ಲೇ.

ಈಗಲೇ ಒಂದು ಭೂತಗನ್ನಡಿ ತೆಗೆದುಕೊಂಡು ಆ ಹಳೆಯ ಜೋಡಣೆಯನ್ನು ನೋಡಿ. ಪಟ್ಟಿಯನ್ನು ಸ್ವಲ್ಪ ಎಳೆದು ಹಿಡಿದರೆ ಬಿರುಕು ತೆರೆದುಕೊಳ್ಳುತ್ತದೆ. ಅಂಟಿನ ಅಂಚಿನಿಂದ ಆಚೆಗೆ, ಶಾಯಿಯ ಗೆರೆಗೆ ಅಡ್ಡಲಾಗಿ ಕೂದಲೆಳೆಯಂಥ ಸೀಳುಗಳು ಕಂಡರೆ ಸತ್ತದ್ದು ಶಾಯಿ, ಅಂಟು ನಿರಪರಾಧಿ. ಅಂಟಿನ ಮೈಯಲ್ಲೇ ಬಿರುಕಿದ್ದರೆ ಎಪಾಕ್ಸಿ ಮುರಿದಿದೆ. ಅಂಟು ಇಡಿಯಾಗಿ ಬೋರ್ಡಿನ ಜೊತೆ ಎದ್ದು ಬಂದು ಅಡಿಯಲ್ಲಿ ಸಿಲಿಕೋನ್ ನುಣ್ಣಗೆ ಕಂಡರೆ ಅಂಟು ಹಿಡಿದೇ ಇರಲಿಲ್ಲ. ನನ್ನ ಬಳಿಗೆ ಬರುವ ಮುರಿದ ಜೋಡಣೆಗಳಲ್ಲಿ ಮೊದಲ ಬಗೆಯವೇ ಹೆಚ್ಚು. ಆದರೂ ಎಲ್ಲರೂ ದೂರುವುದು ಅಂಟನ್ನೇ.

ಇನ್ನು ‘ಬೆಳ್ಳಿ ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂಬ ಸಲಹೆ. ಈ ಕ್ಷೇತ್ರದಲ್ಲಿ ಇಷ್ಟು ಹಣ ಪೋಲು ಮಾಡಿಸಿದ ನಂಬಿಕೆ ಬೇರೊಂದಿಲ್ಲ. ವಾಹಕ ಅಂಟಿನಲ್ಲಿ ವಿದ್ಯುತ್ ಹರಿಸುವುದು ಅಂಟಲ್ಲ, ಅದರೊಳಗಿನ ಲೋಹದ ಚಕ್ಕೆಗಳು. ಹಂಚು ಹೊದಿಸಿದಂತೆ ಅವು ಒಂದರ ಮೇಲೊಂದು ತಾಗುತ್ತಾ ಹೋದಾಗ ಈ ಕೊನೆಯಿಂದ ಆ ಕೊನೆಗೆ ದಾರಿಯಾಗುತ್ತದೆ. ಚಕ್ಕೆಗಳ ಪ್ರಮಾಣ ಒಂದು ಹೊಸ್ತಿಲನ್ನು ದಾಟುವವರೆಗೆ ಅಂಟು ಬಹುತೇಕ ನಿರೋಧಕವೇ. ದಾಟಿದ ಕೂಡಲೇ ರೋಧ ದಿಢೀರನೆ ಕುಸಿಯುತ್ತದೆ. ಆಮೇಲೆ ಎಷ್ಟೇ ಬೆಳ್ಳಿ ಸುರಿದರೂ ಲಾಭ ಅಲ್ಪ. ಅದಕ್ಕೇ ಬೆಳ್ಳಿ ಎಪಾಕ್ಸಿಗಳಲ್ಲಿ ತೂಕದ ಮುಕ್ಕಾಲು ಪಾಲಿನಷ್ಟು ಬೆಳ್ಳಿ ಇದ್ದರೂ ಅವುಗಳ ವಾಹಕತೆ ಶುದ್ಧ ಬೆಳ್ಳಿಗಿಂತ ಹತ್ತಾರರಿಂದ ನೂರಾರು ಪಟ್ಟು ಕಡಿಮೆ.

ಅದು ಕಡಿಮೆ ಇದ್ದರೂ ನಿಮಗೆ ನಷ್ಟವಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ವಿಷಯ. 3 ಮಿಲಿಮೀಟರ್ ಚೌಕದ ಒಂದು ಪ್ಯಾಡು (ಬೋರ್ಡಿನ ಮೇಲೆ ಸಂಪರ್ಕಕ್ಕಿರುವ ಲೋಹದ ಚೂರು), ಅದರ ಮೇಲೆ 50 ಮೈಕ್ರಾನ್ ದಪ್ಪದ ಅಂಟು ಎನ್ನಿ. ಅಂಟಿನ ರೋಧಕತೆ 0.0005 ಓಮ್-ಸೆಂಟಿಮೀಟರ್ ಎಂದು ಹಿಡಿದರೆ, ಆ ಪದರದ ರೋಧ ಸುಮಾರು 0.00003 ಓಮ್. ಸಾವಿರ ಪಟ್ಟು ಕೆಟ್ಟ ಅಂಟನ್ನು ಹಾಕಿದರೂ 0.03 ಓಮ್ ದಾಟುವುದಿಲ್ಲ. ಅಂಟು ತೀರಾ ತೆಳು, ವಿದ್ಯುತ್ ಅದನ್ನು ದಾಟುವುದು ದಪ್ಪದ ದಿಕ್ಕಿನಲ್ಲಿ ಮಾತ್ರ. ಹಾಗಿದ್ದರೂ ನಿಮ್ಮ ಮೀಟರಿನಲ್ಲಿ ಹಲವು ಓಮ್ ಕಂಡರೆ ಅದು ಬಂದದ್ದು ಅಂಟಿನ ಒಳಗಿನಿಂದಲ್ಲ. ಅಂಟು ಮತ್ತು ಶಾಯಿ, ಅಂಟು ಮತ್ತು ಪ್ಯಾಡು ಸೇರುವ ಗಡಿಯಿಂದ. ಅಲ್ಲಿ ಕೊಳೆ ಇದೆಯೇ, ಆಕ್ಸೈಡ್ ಪದರ ಇದೆಯೇ, ಚಕ್ಕೆಗಳು ನಿಜವಾಗಿ ತಾಗಿವೆಯೇ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಡಬ್ಬಿಯ ಮೇಲೆ ಬರೆದ ವಾಹಕತೆಯ ಅಂಕಿ ನೋಡಿ ಅಂಟು ಕೊಳ್ಳಬೇಡಿ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಬೆಳ್ಳಿ ಹೆಚ್ಚಿಸಿದರೆ ಲಾಭವಿಲ್ಲ ಎನ್ನುವುದಷ್ಟೇ ಅಲ್ಲ, ನಷ್ಟವೂ ಇದೆ. ಬೆರಳಲ್ಲಿ ಒತ್ತಿದೊಡನೆ ಅಂಟಿಕೊಳ್ಳಬೇಕಾದರೆ ಅಂಟು ಎದುರಿನ ಮೇಲ್ಮೈಯ ಸಣ್ಣ ಏರಿಳಿತಗಳಿಗೆಲ್ಲ ಹರಿದು ಕೂರುವಷ್ಟು ಮೆದುವಾಗಿರಬೇಕು. ಡಾಲ್‌ಕ್ವಿಸ್ಟ್ ಮಾನದಂಡ ಎಂದು ಹೆಸರಾದ ನಿಯಮದ ಪ್ರಕಾರ ಅದರ ಗುಣಾಂಕ ಸುಮಾರು 0.3 ಮೆಗಾಪ್ಯಾಸ್ಕಲ್‌ಗಿಂತ ಕೆಳಗಿರಬೇಕು. ಲೋಹದ ಚಕ್ಕೆ ತುಂಬುತ್ತಾ ಹೋದಂತೆ ಅಂಟು ಗಡಸಾಗಿ ಈ ಗೆರೆಯನ್ನು ಮೀರುತ್ತದೆ, ಜಿಗುಟು ಸಾಯುತ್ತದೆ. ಮೇಲ್ಮೈಯಲ್ಲಿ ಅಂಟಿನ ಜಾಗವನ್ನು ಲೋಹ ಆಕ್ರಮಿಸಿಕೊಳ್ಳುವುದರಿಂದ ಹಿಡಿತವೂ ತಗ್ಗುತ್ತದೆ. ವಾಹಕತೆ ಬೇಕೆಂದರೆ ಲೋಹ ಬೇಕು, ಜಿಗುಟು ಬೇಕೆಂದರೆ ಲೋಹ ಬೇಡ. ಮರುಬಳಕೆಯ ವಾಹಕ ಅಂಟಿನ ಸಂಶೋಧನೆಯೆಲ್ಲ ಈ ಹಗ್ಗಜಗ್ಗಾಟದ ಸುತ್ತಲೇ ನಡೆದಿದೆ.

ಅದರಿಂದ ಪಾರಾಗಲು ಹಲವು ದಾರಿಗಳನ್ನು ಹುಡುಕಿದ್ದಾರೆ. ನೀವು ಬಳಸಿದ ಟೇಪು ಅವುಗಳಲ್ಲಿ ಒಂದಿರಬೇಕು: ಜಿಗುಟು ಅಂಟಿನಲ್ಲಿ ವಾಹಕ ಕಣಗಳನ್ನು ವಿರಳವಾಗಿ ಚದುರಿಸಿ, ಒಂದೊಂದು ಕಣವೂ ಟೇಪಿನ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ತಲುಪುವಂತೆ ಮಾಡುತ್ತಾರೆ. ದಪ್ಪದ ದಿಕ್ಕಿನಲ್ಲಿ ಮಾತ್ರ ವಿದ್ಯುತ್ ಹರಿಯುತ್ತದೆ, ಅಕ್ಕಪಕ್ಕಕ್ಕೆ ಹರಿಯುವುದಿಲ್ಲ. ಲೋಹ ಕಡಿಮೆಯಾದ್ದರಿಂದ ಜಿಗುಟು ಉಳಿಯುತ್ತದೆ, ಅಕ್ಕಪಕ್ಕದ ಪ್ಯಾಡುಗಳನ್ನು ಒಂದೇ ತುಂಡು ಟೇಪಿನಿಂದ ಅಂಟಿಸಿದರೂ ಶಾರ್ಟ್ ಆಗುವುದಿಲ್ಲ. ಇದು ನಿಜಕ್ಕೂ ಸೊಗಸಾದ ಉಪಾಯ. ಆದರೆ ಒಂದು ಪ್ಯಾಡಿನ ಅಡಿಯಲ್ಲಿ ಸಿಗುವ ಕಣಗಳು ಕೆಲವೇ. ಬಿಚ್ಚಿ ಅಂಟಿಸಿದಾಗ ಕೆಲವು ಕಣಗಳು ಅಂಟಿನೊಳಗೆ ಹೂತುಹೋಗುತ್ತವೆ, ಕೆಲವು ಕಿತ್ತು ಬರುತ್ತವೆ, ಕೆಲವಕ್ಕೆ ಧೂಳು ಮೆತ್ತುತ್ತದೆ. ಸಂಪರ್ಕ ಉಳಿದ ಎರಡು ಮೂರು ಕಣಗಳ ಮೇಲೆ ನಿಂತಾಗ, ಪಟ್ಟಿ ಹಿಗ್ಗಿದಂತೆಲ್ಲ ಅವು ತಾಗುತ್ತಾ ಬಿಡುತ್ತಾ ಇರುತ್ತವೆ. ನೀವು ಕಂಡ ಕುಣಿತ ಅದೇ. ಇಂಥ ಟೇಪಿನ ಮಾಹಿತಿ ಹಾಳೆಯಲ್ಲಿ ಕನಿಷ್ಠ ಎಷ್ಟು ವಿಸ್ತೀರ್ಣದ ಪ್ಯಾಡು ಬೇಕು, ಪ್ಯಾಡುಗಳ ನಡುವೆ ಎಷ್ಟು ಅಂತರವಿರಬೇಕು ಎಂದು ಕೊಟ್ಟಿರುತ್ತಾರೆ. ಪ್ಯಾಡು ಬಿಡಿಸುವ ಮೊದಲೇ ಅದನ್ನು ನೋಡಿಕೊಳ್ಳಬೇಕು.

ಟೇಪು ಮೂರನೆಯ ಸಲಕ್ಕೆ ಕಳಚಿ ಬಂದದ್ದು ಇನ್ನೊಂದು ಕಥೆ. ಹೆಚ್ಚಿನ ವಾಹಕ ಟೇಪುಗಳ ಅಂಟು ಅಕ್ರಿಲಿಕ್. ಸಿಲಿಕೋನಿನ ಮೇಲ್ಮೈ ಶಕ್ತಿ ತೀರಾ ಕಡಿಮೆಯಾದ್ದರಿಂದ ಅಕ್ರಿಲಿಕ್ ಅದರ ಮೇಲೆ ಸರಿಯಾಗಿ ಹಿಡಿಯುವುದೇ ಇಲ್ಲ. ಸಿಲಿಕೋನಿನೊಳಗೆ ಹೆಣೆದುಕೊಳ್ಳದೆ ಉಳಿದ ಎಣ್ಣೆಯಂಥ ಸಣ್ಣ ಅಣುಗಳು ದಿನಗಳೆದಂತೆ ಮೇಲ್ಮೈಗೆ ಬರುತ್ತಲೇ ಇರುತ್ತವೆ. ನೀವು ಒರೆಸಿ ಸ್ವಚ್ಛ ಮಾಡಿದ ಮೇಲ್ಮೈ ಮರುದಿನ ಮತ್ತೆ ನುಣುಪಾಗಿರುತ್ತದೆ. ಪ್ಲಾಸ್ಮಾ ಸಂಸ್ಕರಣೆ ಮಾಡಿದರೂ ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಅದರ ಪರಿಣಾಮ ಇಳಿದುಹೋಗಲು ಇದೂ ಒಂದು ಕಾರಣ. ಸಿಲಿಕೋನಿಗೆ ಅಂಟಬೇಕಾದರೆ ಸಿಲಿಕೋನ್ ಅಂಟೇ ಬೇಕು. ಮೊದಲ ದಿನ ಚೆನ್ನಾಗಿತ್ತು ಎಂದು ನೀವು ಬರೆದಿದ್ದೀರಿ. ಅಂದು ಟೇಪು ಬಹುಶಃ ಬೆಳ್ಳಿ ಶಾಯಿಯ ಮೇಲೆ ಹಿಡಿದಿತ್ತು. ಎರಡು ಸಲ ಎಬ್ಬಿಸುವಷ್ಟರಲ್ಲಿ ಶಾಯಿಯ ಮೇಲಿನ ಚಕ್ಕೆಗಳು ಟೇಪಿಗೆ ಬಂದಿರುತ್ತವೆ. ತೆಗೆದ ಟೇಪಿನ ಮೇಲೆ ಬೂದು ಬಣ್ಣದ ಮಸುಕು ಕಂಡಿದ್ದರೆ ಅದೇ ಸಾಕ್ಷಿ.

ದ್ರವ ಲೋಹದ ಬಗ್ಗೆ ನನಗೆ ತುಂಬ ಗೌರವವಿದೆ, ಅಷ್ಟೇ ಎಚ್ಚರಿಕೆಯೂ ಇದೆ. ಗ್ಯಾಲಿಯಂ ಮತ್ತು ಇಂಡಿಯಂ ಮಿಶ್ರಲೋಹ ಸುಮಾರು 15.5 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಹಾಗಾಗಿ ಮೈಯ ಬಿಸಿಯಲ್ಲಿ ದ್ರವವಾಗಿಯೇ ಇರುತ್ತದೆ. ತಾಮ್ರಕ್ಕಿಂತ ಸುಮಾರು ಹದಿನೇಳು ಪಟ್ಟು ಕಡಿಮೆ ವಾಹಕ; ಅದು ಇಲ್ಲಿ ಧಾರಾಳವಾಗಿ ಸಾಕು. ಎಷ್ಟು ಹಿಗ್ಗಿಸಿದರೂ ದ್ರವ ಬಿರುಕು ಬಿಡುವುದಿಲ್ಲ. ಗಾಳಿ ತಾಗಿದೊಡನೆ ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಮೂಡುತ್ತದೆ. ಹಚ್ಚಿದ ಆಕಾರದಲ್ಲೇ ನಿಲ್ಲುವಂತೆ ಮಾಡುವುದೂ, ಸಿಲಿಕೋನಿಗೆ ಮೆತ್ತಿಕೊಳ್ಳುವಂತೆ ಮಾಡುವುದೂ ಆ ಪೊರೆಯೇ. ಆದರೆ ಅದು ಅಂಟಲ್ಲ. ಎರಡು ಭಾಗಗಳನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ, ಸುತ್ತಲೂ ಮುಚ್ಚುವ ಪದರ ಬೇಕೇ ಬೇಕು. ಬಿಚ್ಚಿದಾಗ ಎರಡೂ ಕಡೆ ಮೆತ್ತಿಕೊಂಡು ಬರುತ್ತದೆ, ಮತ್ತೆ ಒತ್ತಿದರೆ ಅಕ್ಕಪಕ್ಕದ ಪ್ಯಾಡುಗಳಿಗೆ ಹರಿದು ಶಾರ್ಟ್ ಮಾಡುತ್ತದೆ. ಚಿನ್ನ ಮತ್ತು ಬೆಳ್ಳಿಯ ತೆಳು ಪದರಗಳನ್ನು ತನ್ನೊಳಗೆ ಬೆರೆಸಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಯೂಮಿನಿಯಂ: ಗ್ಯಾಲಿಯಂ ಅದರ ಹರಳುಗಳ ಸಂದುಗಳಿಗೆ ನುಗ್ಗಿ ಗಟ್ಟಿ ತಗಡನ್ನೂ ಪುಡಿಯಾಗುವಂತೆ ಮಾಡುತ್ತದೆ. ಪ್ರಯೋಗಾಲಯದ ಮೇಜಿನ ಮೇಲೆ ಅಲ್ಯೂಮಿನಿಯಂ ಸಾಮಾನು ಇದ್ದರೆ ಮೊದಲು ಅದನ್ನು ದೂರ ಇಡಿ. ಮುಚ್ಚಿದ ನಾಳದೊಳಗೆ ಕಾಯಂ ಜೋಡಣೆಗೆ ದ್ರವ ಲೋಹ ಒಳ್ಳೆಯದು. ಆಗಾಗ ತೆರೆಯುವ ಜಾಗಕ್ಕೆ ನಾನು ಸಲಹೆ ಮಾಡುವುದಿಲ್ಲ.

ನೀವು ಓದಿದ ಹೊಸ ಕನೆಕ್ಟರ್ ಸುದ್ದಿ ಬಹುಶಃ ಸಿಂಗಪುರದ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ ಮುಂಚೂಣಿಯಲ್ಲಿದ್ದು 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸದ ಬಗ್ಗೆ. ಅದಕ್ಕೆ ಬೈಂಡ್ ಎಂದು ಹೆಸರಿಟ್ಟಿದ್ದಾರೆ. ಎಸ್‌ಇಬಿಎಸ್ ಎಂಬ ಮೆದು ರಬ್ಬರಿನ ಮೇಲೆ ಚಿನ್ನ ಅಥವಾ ಬೆಳ್ಳಿಯನ್ನು ಆವಿಯಾಗಿಸಿ ಕೂರಿಸಿದಾಗ, ನ್ಯಾನೋಕಣಗಳು ರಬ್ಬರಿನ ಮೇಲ್ಪದರದೊಳಗೆ ಹೆಣೆದುಕೊಳ್ಳುತ್ತವೆ. ಮೇಲ್ಮೈಯಲ್ಲಿ ಅಲ್ಲಲ್ಲಿ ರಬ್ಬರು, ಅಲ್ಲಲ್ಲಿ ಲೋಹ ತೆರೆದುಕೊಂಡಿರುತ್ತದೆ. ಅಂಥ ಎರಡು ಮುಖಗಳನ್ನು ಎದುರುಬದುರಾಗಿ ಹತ್ತು ಸೆಕೆಂಡಿಗೂ ಕಡಿಮೆ ಒತ್ತಿದರೆ ರಬ್ಬರು ರಬ್ಬರಿಗೆ ಅಂಟುತ್ತದೆ, ಲೋಹ ಲೋಹಕ್ಕೆ ತಾಗುತ್ತದೆ. ಹಿಡಿಯುವ ಕೆಲಸವನ್ನೂ ಹರಿಸುವ ಕೆಲಸವನ್ನೂ ಬೇರೆ ಬೇರೆ ಚುಕ್ಕೆಗಳಿಗೆ ಹಂಚಿದ್ದೇ ಇದರ ಜಾಣ್ಮೆ. ಮೂಲ ಉದ್ದದ 2.8 ಪಟ್ಟಿನವರೆಗೆ ವಿದ್ಯುತ್ ಸಂಪರ್ಕ ಉಳಿಯಿತೆಂದೂ, 7 ಪಟ್ಟಿನವರೆಗೆ ಜೋಡಣೆ ಹರಿಯಲಿಲ್ಲವೆಂದೂ ಅವರು ತೋರಿಸಿದ್ದಾರೆ. ಇದು ಓದಿ ಖುಷಿಪಟ್ಟ ಕೆಲಸ. ಆದರೆ ಒಂದನ್ನು ನೆನಪಿಡಿ: ಇವು ಅಂಟಿಕೊಂಡ ಮೇಲೆ ಎಷ್ಟು ಹಿಗ್ಗಬಲ್ಲದು ಎಂಬುದರ ಅಂಕಿಗಳು. ಬೆವರು ಮೆತ್ತಿದ ಮುಖಗಳನ್ನು ದಿನವೂ ಬಿಚ್ಚಿ ಅಂಟಿಸಿದರೆ ಏನಾಗುತ್ತದೆ ಎಂಬುದು ಬೇರೆಯದೇ ಪ್ರಶ್ನೆ. ಜೊತೆಗೆ ಎರಡೂ ಮುಖಗಳನ್ನು ಆ ವಿಧಾನದಲ್ಲೇ ತಯಾರಿಸಬೇಕು, ಅದಕ್ಕೆ ನಿರ್ವಾತ ಯಂತ್ರ ಬೇಕು. ನಿಮ್ಮ ವಿಭಾಗದಲ್ಲಿ ಆ ಯಂತ್ರವಿದ್ದರೆ ಖಂಡಿತ ಪ್ರಯತ್ನಿಸಿ.

ಮರುಬಳಕೆಯ ದೃಷ್ಟಿಯಿಂದ ನನಗೆ ಹೆಚ್ಚು ಭರವಸೆ ಇರುವುದು ಒಣ ಅಂಟುಗಳ ಮೇಲೆ. ಹಲ್ಲಿಯ ಪಾದದ ಸೂಕ್ಷ್ಮ ರೋಮಗಳ ಹಿಡಿತವನ್ನು 2000ದಲ್ಲಿ ಅಳೆದು ತೋರಿಸಿದ ಮೇಲೆ, ಸಿಲಿಕೋನಿನಲ್ಲಿ ಅಂಥದೇ ಸಣ್ಣ ಕಂಬಗಳ ಸಾಲುಗಳನ್ನು ಎರಕ ಹೊಯ್ಯುವ ಕೆಲಸ ಬೆಳೆಯಿತು. ಆ ಸಿಲಿಕೋನಿಗೆ ಇಂಗಾಲದ ನ್ಯಾನೋಕೊಳವೆಗಳಂಥ ವಾಹಕಗಳನ್ನು ಬೆರೆಸಿ, ಹೃದಯದ ವಿದ್ಯುತ್ ಸಂಕೇತ ಹಿಡಿಯುವ ಎಲೆಕ್ಟ್ರೋಡುಗಳನ್ನು ಮಾಡಿದ್ದಾರೆ. ಜಿಗುಟು ದ್ರವ್ಯವೇ ಇಲ್ಲದ್ದರಿಂದ ತೊಳೆದರೆ ಹಿಡಿತ ಬಹುಮಟ್ಟಿಗೆ ಮರಳುತ್ತದೆ. ದೌರ್ಬಲ್ಯವೆಂದರೆ ಒರಟು ಮೇಲ್ಮೈ ಮತ್ತು ಧೂಳು. ಕಂಬಗಳ ತುದಿ ನೇರ ತಾಗದಿದ್ದರೆ ಹಿಡಿತವೂ ಇಲ್ಲ, ಸಂಪರ್ಕವೂ ಇಲ್ಲ. ತಾವೇ ಕೂಡಿಕೊಳ್ಳುವ ಪಾಲಿಮರ್‌ಗಳೂ ಇವೆ. ಅವುಗಳಲ್ಲಿ ಹೈಡ್ರೋಜನ್ ಬಂಧ ಅಥವಾ ಡೈಸಲ್ಫೈಡ್ ಬಂಧಗಳು ಕಡಿದು ಮತ್ತೆ ಹೆಣೆದುಕೊಳ್ಳುತ್ತವೆ. ಪಾಲಿಮರ್ ಕೂಡಿಕೊಂಡಿತು ಎಂದರೆ ಅದರೊಳಗಿನ ಲೋಹದ ದಾರಿಯೂ ಕೂಡಿಕೊಂಡಿತು ಎಂದಲ್ಲ. ಈ ಬಗೆಯ ವಸ್ತುವಿನ ಪ್ರಬಂಧ ಓದುವಾಗ ಹಿಡಿತ ಎಷ್ಟು ಮರಳಿತು, ವಾಹಕತೆ ಎಷ್ಟು ಮರಳಿತು ಎಂಬ ಎರಡು ಗ್ರಾಫ್‌ಗಳನ್ನೂ ಹುಡುಕಿ, ಒಂದನ್ನೇ ನೋಡಿ ಒಪ್ಪಬೇಡಿ.

ಈಗ ನಿಮ್ಮ ಪಟ್ಟಿಗೆ ಬರೋಣ. ನಾನಾಗಿದ್ದರೆ ಶಾಯಿಯ ತುದಿಗೂ ಬೋರ್ಡಿಗೂ ನಡುವೆ ಮೂರನೆಯದೊಂದನ್ನು ತರುತ್ತೇನೆ: 25ರಿಂದ 50 ಮೈಕ್ರಾನ್ ದಪ್ಪದ ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ ಹಾಳೆಯ ಮೇಲೆ ತಾಮ್ರದ ಗೆರೆಗಳಿರುವ ಒಂದು ಸಣ್ಣ ನಾಲಗೆ. ಇದರ ಒಂದು ತುದಿಯನ್ನು ಶಾಯಿಯ ಮೇಲೆ ಕಾಯಂ ಆಗಿ ಕೂರಿಸಿ, ಮೇಲೆ ಸಿಲಿಕೋನ್ ಹೊಯ್ದು ಮುಚ್ಚಿಬಿಡಿ. ಇನ್ನೊಂದು ತುದಿ ಪಟ್ಟಿಯಿಂದ ಹೊರಗೆ ಸಡಿಲವಾಗಿ ಚಾಚಿರಲಿ. ಬೋರ್ಡು ಸೇರುವುದು ಈ ಸಡಿಲ ತುದಿಗೆ. ಪಟ್ಟಿ ಹಿಗ್ಗಿದಾಗ ಈ ತುದಿಗೆ ಎಳೆತವೇ ತಾಗುವುದಿಲ್ಲ, ಆದ್ದರಿಂದ ಬಿಚ್ಚುವ ಜೋಡಣೆ ಹಿಗ್ಗಬೇಕಾಗಿಯೇ ಇಲ್ಲ. ಬೋರ್ಡು ಪಟ್ಟಿಯ ಉದ್ದವನ್ನು ಕಬಳಿಸುವುದೂ ತಪ್ಪುತ್ತದೆ.

ಕಾಯಂ ತುದಿಗೆ ಎಪಾಕ್ಸಿ ಬೇಡ, ಬೆಳ್ಳಿ ತುಂಬಿದ ಸಿಲಿಕೋನ್ ಅಂಟು ಬಳಸಿ. ವಾಹಕತೆ ಎಪಾಕ್ಸಿಗಿಂತ ಕಡಿಮೆ ಇರಬಹುದು. ಮೇಲಿನ ಲೆಕ್ಕ ನೋಡಿದ ಮೇಲೆ ಅದು ನಿಮ್ಮನ್ನು ಹೆದರಿಸಬಾರದು. ನಾಲಗೆಯ ಮೂಲೆಗಳನ್ನು ದುಂಡಗೆ ಕತ್ತರಿಸಿ, ಏಕೆಂದರೆ ಚೂಪು ಮೂಲೆಯಿಂದಲೇ ಸೀಳು ಶುರುವಾಗುತ್ತದೆ. ಪಾಲಿಇಮೈಡ್‌ಗೂ ಸಿಲಿಕೋನಿಗೂ ತಾನಾಗಿ ಒಗ್ಗುವುದಿಲ್ಲ, ಆದ್ದರಿಂದ ಗೆರೆಗಳಿಲ್ಲದ ಜಾಗದಲ್ಲಿ ನಾಲಗೆಗೆ ಸಣ್ಣ ತೂತುಗಳನ್ನು ಹೊಡೆಯಿರಿ. ಮೇಲಿನ ಮತ್ತು ಕೆಳಗಿನ ಸಿಲಿಕೋನ್ ಆ ತೂತುಗಳ ಮೂಲಕ ಬೆಸೆದುಕೊಂಡು ನಾಲಗೆಯನ್ನು ಕಚ್ಚಿ ಹಿಡಿಯುತ್ತದೆ. ನಾಲಗೆ ಮುಗಿಯುವ ಅಂಚಿನ ಮೇಲೆ ಸಿಲಿಕೋನ್ ಸ್ವಲ್ಪ ದಪ್ಪವಿದ್ದು ನಿಧಾನವಾಗಿ ತೆಳುವಾಗುತ್ತಾ ಹೋಗಲಿ. ಗಡಸಿನಿಂದ ಮೆದುವಿಗೆ ಒಮ್ಮೆಲೇ ಇಳಿಯುವ ಮೆಟ್ಟಿಲು ಎಲ್ಲೂ ಇರಬಾರದು.

ಸಿಲಿಕೋನ್ ಆರಿಸುವಾಗ ಎರಡು ಬಲೆಗಳಿವೆ. ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಸಿಲಿಕೋನ್, ಗಂಧಕ, ತವರದ ಸಂಯುಕ್ತಗಳು ಅಥವಾ ಅಮೈನ್ ತಾಗಿದರೆ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಎಪಾಕ್ಸಿಯ ಗಟ್ಟಿಕಾರಕಗಳಲ್ಲಿ ಅಮೈನ್ ಸಾಮಾನ್ಯ. ನಿಮ್ಮ ಹಳೆಯ ಜೋಡಣೆಯ ಸುತ್ತ ಸಿಲಿಕೋನ್ ಜಿಗುಟಾಗಿ ಉಳಿದಿದ್ದರೆ ಇದೇ ಕಾರಣವಿರಬಹುದು. ಎರಡನೆಯದು, ಹುಳಿ ವಾಸನೆ ಬೀರುತ್ತಾ ಒಣಗುವ ಸಿಲಿಕೋನ್ ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ಅದು ತಾಮ್ರವನ್ನು ತಿನ್ನುತ್ತದೆ. ತಟಸ್ಥವಾಗಿ ಒಣಗುವ ಬಗೆಯನ್ನೇ ಕೇಳಿ ತನ್ನಿ.

ಸಡಿಲ ತುದಿಯಲ್ಲಿ ಬೋರ್ಡನ್ನು ಹೇಗೆ ಸೇರಿಸಬೇಕು? ತಂತಿಗಳು ಎರಡು ಮೂರೇ ಇದ್ದರೆ ಇಸಿಜಿ ಎಲೆಕ್ಟ್ರೋಡುಗಳಲ್ಲಿರುವಂಥ ಒತ್ತುಗುಂಡಿಯೇ ಸಾಕು. ಅಂಟಿಲ್ಲದ ಪರಿಹಾರವನ್ನು ಅಂಟಿನ ಪ್ರಶ್ನೆಗೆ ಉತ್ತರವಾಗಿ ಕೊಡುತ್ತಿರುವುದು ನಿಮಗೆ ನಿರಾಸೆ ತರಬಹುದು, ಆದರೆ ತೊಳೆಯುವ ಪಟ್ಟಿಗೆ ಇದಕ್ಕಿಂತ ನೆಚ್ಚಬಹುದಾದದ್ದು ನನಗೆ ಗೊತ್ತಿಲ್ಲ. ಗುಂಡಿಯಲ್ಲಿ ನಿಕ್ಕಲ್ ಇದ್ದು ಅದು ಚರ್ಮಕ್ಕೆ ತಾಗುವಂತಿದ್ದರೆ ಕೆಲವರಿಗೆ ತುರಿಕೆ, ಗಂದೆ ಏಳುತ್ತದೆ. ಅದನ್ನು ಹೊರಮುಖಕ್ಕೆ ಇಡಿ. ತಂತಿಗಳು ಹೆಚ್ಚಿದ್ದು, ಜೋಡಣೆ ಚಪ್ಪಟೆಯಾಗಿರಲೇಬೇಕು ಎಂದಿದ್ದರೆ ನಿಮ್ಮ ಟೇಪನ್ನೇ ಇಲ್ಲಿ ಬಳಸಿ. ಪಾಲಿಇಮೈಡ್ ಮತ್ತು ಚಿನ್ನದ ಲೇಪದ ಪ್ಯಾಡುಗಳಿಗೆ ಅಕ್ರಿಲಿಕ್ ಚೆನ್ನಾಗಿ ಹಿಡಿಯುತ್ತದೆ. ಟೇಪನ್ನು ಸವೆಯುವ ವಸ್ತು ಎಂದು ಒಪ್ಪಿಕೊಂಡು ಪ್ರತಿ ಸಲ ತೆಗೆದಾಗ ಹೊಸ ತುಂಡು ಹಾಕಿ. ಕಡಿಮೆ ಶಾಖದಲ್ಲಿ ಕರಗುವ ಲೋಹ ಮೂರನೆಯ ಆಯ್ಕೆ: ಬಿಸ್ಮತ್, ಇಂಡಿಯಂ, ತವರದ ಫೀಲ್ಡ್ಸ್ ಮಿಶ್ರಲೋಹ 62 ಡಿಗ್ರಿಯಲ್ಲಿ ಕರಗುತ್ತದೆ, ಬಿಸಿನೀರಿನ ಶಾಖಕ್ಕೆ ಬಿಡಿಸಿ ಮತ್ತೆ ಸೇರಿಸಬಹುದು. ಗಟ್ಟಿಯಾದ ಮೇಲೆ ಅದು ಗಡಸು, ಹಾಗಾಗಿ ಸಡಿಲ ತುದಿಗೆ ಮಾತ್ರ. ಇದೇ ಬಗೆಯ ವುಡ್ಸ್ ಮಿಶ್ರಲೋಹದಲ್ಲಿ ಸೀಸವೂ ಕ್ಯಾಡ್ಮಿಯಮ್ಮೂ ಇವೆ. ಮೈಮೇಲೆ ಧರಿಸುವ ವಸ್ತುವಿನ ಹತ್ತಿರ ಅದು ಸುಳಿಯಬಾರದು.

ಟೇಪನ್ನಾಗಲಿ ಒಣ ಅಂಟನ್ನಾಗಲಿ ಬಿಡಿಸುವ ರೀತಿಯೂ ಮುಖ್ಯ. ಸುಲಿಯುವಾಗ ಬೇಕಾಗುವ ಬಲ ಕೋನದ ಮೇಲೆ ನಿಂತಿದೆ. ಸರಳ ಲೆಕ್ಕದಲ್ಲಿ, 30 ಡಿಗ್ರಿ ಕೋನದಲ್ಲಿ ಎಳೆದರೆ 90 ಡಿಗ್ರಿಯಲ್ಲಿ ಎಳೆಯುವುದಕ್ಕಿಂತ ಏಳು ಪಟ್ಟಿಗೂ ಹೆಚ್ಚು ಬಲ ಬೇಕು. ಆದ್ದರಿಂದ ಧರಿಸಿದಾಗ ಬೀಳುವ ಎಳೆತ ಮೇಲ್ಮೈಗೆ ಸಮಾನಾಂತರವಾಗಿರುವಂತೆ ಜೋಡಿಸಿ. ತೆಗೆಯುವಾಗ ಒಂದು ಮೂಲೆಯಿಂದ ಎಬ್ಬಿಸಿ, ಹಿಂದಕ್ಕೆ ಮಡಚಿ, ನಿಧಾನವಾಗಿ ಸುಲಿಯಿರಿ. ಜಿಗುಟು ಅಂಟುಗಳು ವೇಗವಾಗಿ ಎಳೆದಷ್ಟೂ ಬಿಗಿಯಾಗಿ ಹಿಡಿಯುತ್ತವೆ, ಅವಸರ ಮಾಡಿದರೆ ಶಾಯಿಯೇ ಕಿತ್ತು ಬರುತ್ತದೆ.

ಕೊಂಡಿ ಸರಿಯಾಗಿದೆಯೇ ಎಂದು ಕೈಯಿಂದ ಎಳೆದು ನೋಡಿ ತೀರ್ಮಾನಿಸಬೇಡಿ. ಗಟ್ಟಿ ಹಿಡಿದ ಅಂಟಿನಲ್ಲೂ ಸಂಪರ್ಕ ಸತ್ತಿರಬಹುದು. ನಾಲ್ಕು ತಂತಿಯ ವಿಧಾನದಲ್ಲಿ ರೋಧ ಅಳೆಯಿರಿ, ಅಂದರೆ ಎರಡು ತಂತಿಗಳಿಂದ ಕರೆಂಟ್ ಹರಿಸಿ ಬೇರೆ ಎರಡರಿಂದ ವೋಲ್ಟೇಜ್ ನೋಡಬೇಕು. ಸಾಮಾನ್ಯ ಮಲ್ಟಿಮೀಟರಿನ ಎರಡು ಕಡ್ಡಿ ಹಿಡಿದರೆ ಅವುಗಳ ತಂತಿಯ ರೋಧವೇ ಕೊಂಡಿಯದ್ದನ್ನು ಮುಚ್ಚಿಹಾಕುತ್ತದೆ. ಪಟ್ಟಿ ಸುಮ್ಮನಿದ್ದಾಗ ಒಮ್ಮೆ, ಎಳೆದಾಗ ಒಮ್ಮೆ, ಎಳೆದು ಬಿಟ್ಟ ಮೇಲೆ ಒಮ್ಮೆ ಬರೆದುಕೊಳ್ಳಿ. ಹೊಸ ಪಟ್ಟಿಯ ಮೊದಲ ಕೆಲವು ಎಳೆತಗಳಲ್ಲಿ ರೋಧ ಬದಲಾಗಿ ಆಮೇಲೆ ನೆಲೆಗೊಳ್ಳುತ್ತದೆ. ತುಂಬುಕಣಗಳಿರುವ ರಬ್ಬರಿನ ಸ್ವಭಾವವೇ ಹಾಗೆ. ಆದ್ದರಿಂದ ಪಟ್ಟಿಯನ್ನು ಮೊದಲು ಹತ್ತಾರು ಸಲ ಎಳೆದು ಪಳಗಿಸಿ, ಆಮೇಲೆ ಅಳೆಯಲು ತೊಡಗಿ.

ಎಷ್ಟು ಏರುಪೇರನ್ನು ಸಹಿಸಬಹುದು ಎಂಬುದು ಸೆನ್ಸರಿನ ಮೇಲೆ ನಿಂತಿದೆ. ನಿಮ್ಮ ಸೆನ್ಸರಿನ ರೋಧ 1000 ಓಮ್, 1 ಶೇಕಡಾ ಹಿಗ್ಗಿಗೆ ಅದು 2 ಶೇಕಡಾ ಏರುತ್ತದೆ ಎಂದುಕೊಳ್ಳೋಣ. ಅಂದರೆ 20 ಓಮ್. ಕೊಂಡಿಯ ರೋಧ 20 ಓಮ್ ಕುಣಿದರೆ ಮೊಣಕಾಲು ಕದಲದೆಯೇ 1 ಶೇಕಡಾ ಹಿಗ್ಗು ಕಾಣುತ್ತದೆ. ಕೊಂಡಿ 1 ಓಮಿನೊಳಗೆ ಸ್ಥಿರವಾಗಿದ್ದರೆ ನಿಮಗೆ ಯಾವ ಚಿಂತೆಯೂ ಇಲ್ಲ. ರೋಧದ ಬದಲು ಧಾರಣೆಯನ್ನು (ಕೆಪಾಸಿಟನ್ಸ್, ಅಂದರೆ ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯವನ್ನು) ಅಳೆಯುವ ಸೆನ್ಸರಿಗೆ ಬದಲಾಯಿಸಿಕೊಂಡರೆ ಕೆಲವು ಓಮ್‌ಗಳ ಕುಣಿತ ಬಹುತೇಕ ಲೆಕ್ಕಕ್ಕೇ ಬರುವುದಿಲ್ಲ. ಸಮಯವಿದ್ದರೆ ಆ ದಾರಿಯನ್ನೂ ಯೋಚಿಸಿ.

ಬ್ಯಾಟರಿಯ ತಂತಿಯನ್ನು ಮಾತ್ರ ಮರುಬಳಕೆಯ ಅಂಟಿನ ಮೂಲಕ ಒಯ್ಯಬೇಡಿ, ಬ್ಯಾಟರಿ ಬೋರ್ಡಿನ ಮೇಲೆಯೇ ಇರಲಿ. 1 ಓಮ್ ಕೊಂಡಿಯಲ್ಲಿ ಅರ್ಧ ಆಂಪಿಯರ್ ಹರಿದರೆ ಕಾಲು ವ್ಯಾಟ್ ಶಾಖ ಹುಟ್ಟುತ್ತದೆ. ಸಿಲಿಕೋನ್ ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ, ಆ ಚುಕ್ಕೆ ಚರ್ಮದ ಪಕ್ಕದಲ್ಲೇ ಬಿಸಿಯಾಗುತ್ತದೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣದೆ ಬೆಳೆಯುವಂಥದ್ದು. ತೇವವಿದ್ದು, ಎರಡು ಬೆಳ್ಳಿ ಗೆರೆಗಳ ನಡುವೆ ಸದಾ ಒಂದೇ ದಿಕ್ಕಿನ ವೋಲ್ಟೇಜ್ ಇದ್ದರೆ ಧನ ತುದಿಯ ಬೆಳ್ಳಿ ಕರಗಿ, ಋಣ ತುದಿಯಲ್ಲಿ ಕೂತು, ಬೇರಿನಂತೆ ಕವಲೊಡೆದು ಹಿಂದಕ್ಕೆ ಚಾಚುತ್ತದೆ. ಒಂದು ದಿನ ಶಾರ್ಟ್ ಆಗುತ್ತದೆ. ಬೆವರುವ ಮೊಣಕಾಲಿನ ಮೇಲೆ ಇದನ್ನು ಉಪೇಕ್ಷಿಸುವಂತಿಲ್ಲ. ಗೆರೆಗಳ ಅಂತರ ಹೆಚ್ಚಿಸಿ, ಅಳೆಯುವ ಕ್ಷಣದಲ್ಲಿ ಮಾತ್ರ ವೋಲ್ಟೇಜ್ ಕೊಡಿ, ತೆರೆದಿರುವ ಬೆಳ್ಳಿಯ ಮೇಲೆ ಇಂಗಾಲದ ಶಾಯಿಯ ಪದರ ಹೊದಿಸಿ. ಪೂರ್ತಿ ಗಟ್ಟಿಯಾಗದ ಎಪಾಕ್ಸಿ ಅಥವಾ ಅಕ್ರಿಲೇಟ್ ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟಬಹುದು, ಒಮ್ಮೆ ಹುಟ್ಟಿದರೆ ಅದು ಜೀವನಪರ್ಯಂತ ಕಾಡಬಹುದು. ಈ ವಸ್ತುಗಳನ್ನು ಕಲಸುವಾಗ ಕೈಗವಸು ತೊಡುವುದನ್ನು ದಯವಿಟ್ಟು ತಪ್ಪಿಸಬೇಡಿ.

ತೊಳೆಯುವ ಕ್ರಮವನ್ನೂ ಹೇಳಿಬಿಡುತ್ತೇನೆ. ಬೋರ್ಡನ್ನು ಬಿಚ್ಚಿದ ಮೇಲೆ ಪಟ್ಟಿಯನ್ನು ಸಾಬೂನು ನೀರಿನಲ್ಲಿ ತೊಳೆದು, ಬರೀ ನೀರಿನಲ್ಲಿ ಚೆನ್ನಾಗಿ ಜಾಲಿಸಿ. ಬೆವರಿನ ಉಪ್ಪು ಪ್ಯಾಡಿನ ಮೇಲೆ ಒಣಗಿ ಕೂರಬಾರದು. ಪೂರ್ತಿ ಒಣಗಿದ ಮೇಲೆ ಪ್ಯಾಡುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ. ಅದರಿಂದ ಪಿಡಿಎಂಎಸ್ ಹೆಚ್ಚು ಊದಿಕೊಳ್ಳುವುದಿಲ್ಲ. ಟಾಲ್ವೀನ್‌ನಂಥ ದ್ರಾವಕಗಳಿಂದ ಚೆನ್ನಾಗಿ ಊದಿಕೊಳ್ಳುತ್ತದೆ, ಅವನ್ನು ಮುಟ್ಟಬೇಡಿ. ಮುಂದೆಂದಾದರೂ ಸಿಲಿಕೋನ್ ಜಿಗುಟು ಅಂಟನ್ನು ಬಳಸಿದರೆ, ಬಿಚ್ಚಿಟ್ಟಾಗ ಅದರ ಮುಖಕ್ಕೆ ಹೊದಿಸುವ ಹಾಳೆಯನ್ನು ನೋಡಿ ಆರಿಸಿ: ಸಾಮಾನ್ಯ ಸ್ಟಿಕರ್‌ಗಳ ಹಿಂದಿನ ಹಾಳೆಗೆ ಸಿಲಿಕೋನಿನದ್ದೇ ಲೇಪ ಇರುವುದರಿಂದ ಈ ಅಂಟು ಅದಕ್ಕೆ ಕಚ್ಚಿಕೊಂಡುಬಿಡುತ್ತದೆ. ಫ್ಲೋರೋಸಿಲಿಕೋನ್ ಲೇಪದ ಹಾಳೆಯನ್ನೇ ಕೇಳಿ ಪಡೆಯಿರಿ.